ಎಚ್-4 ವೀಸಾ ಇರೋ, ಮೆಡಿಕಲ್‌ಗೆ ತಯಾರಾಗ್ತಿರೋ (ಪ್ರೀಮೆಡ್) ಮಗಳಿಗೆ ಸಮ್ಮರ್ ರಿಸರ್ಚ್: ಗೊತ್ತಿದ್ದವರು ದಯವಿಟ್ಟು ಹೇಳಿ

ಶಿರಸಿಯವಳು, ಕೊಲಂಬಸ್
ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲೇ ಯೂನಿವರ್ಸಿಟಿಯಲ್ಲಿ ಬಯಾಲಜಿ, ಎರಡನೇ ವರ್ಷ. ಡಾಕ್ಟರಾಗಬೇಕು ಅಂತ ಹೈಸ್ಕೂಲಿನಿಂದಲೂ ಹಟ. ಕ್ಲಾಸಿನವರೆಲ್ಲ ಮುಂದಿನ ಸಮ್ಮರ್‌ಗೆ ರಿಸರ್ಚ್ ಜಾಗ ಹುಡುಕ್ತಿದಾರಂತೆ. ಇವಳೂ ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪ್ ಹಿಡ್ಕೊಂಡು ಕೂರ್ತಾಳೆ. ಒಂದೊಂದೇ ಪ್ರೋಗ್ರಾಂ ತೆಗೆದು ಓದ್ತಾಳೆ, ಅರ್ಹತೆ ಅನ್ನೋ ಜಾಗಕ್ಕೆ ಬಂದಾಗ "ಇದಕ್ಕೂ ಸಿಟಿಜನ್ ಇಲ್ಲಾ ಗ್ರೀನ್ ಕಾರ್ಡ್ ಬೇಕಂತೆ ಅಮ್ಮಾ" ಅಂತ ಮುಚ್ಚಿಬಿಡ್ತಾಳೆ. ನಮ್ಮದಿನ್ನೂ ಎಚ್-1ಬಿ ಕೆಲಸದ ವೀಸಾ, ಅವಳದು ಅದರ ಮೇಲೆ ಮಕ್ಕಳಿಗೆ ಕೊಡೋ ಎಚ್-4. ಇಂಥ ಮಕ್ಕಳು ಬೇಸಿಗೆಯಲ್ಲಿ ಏನು ಮಾಡ್ತಾರೆ? ರಿಸರ್ಚ್ ಇಲ್ಲದಿದ್ರೆ ಮೆಡಿಕಲ್ ಸ್ಕೂಲಿನವರು ಅರ್ಜಿ ನೋಡೋದೇ ಇಲ್ವಾ? ನಮ್ಮ ಬಳಗದಲ್ಲಿ ಈ ದಾರಿ ನಡೆದವರು ಯಾರೂ ಇಲ್ಲ.

ಧಾರವಾಡದವರು, ಎಡಿಸನ್
ಅಕ್ಕಾರ, ಚಿಂತಿ ಬಿಡ್ರಿ. ನಮ್ಮ ಮಗ ಬೆಥೆಸ್ಡಾದ ಎನ್‌ಐಎಚ್‌ನಾಗ (ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ಸಮ್ಮರ್ ಇಂಟರ್ನ್‌ಶಿಪ್ ಮಾಡ್ಯಾನ. ಸ್ಟೈಪೆಂಡೂ ಕೊಟ್ರು. ಕಡೀಕ ಪೋಸ್ಟರ್ ಹಚ್ಚಿ ಅದರ ಮುಂದ ನಿಂತು ಬಂದ ಬಂದ ಸೈಂಟಿಸ್ಟ್‌ಗಳಿಗೆಲ್ಲಾ ತಾ ಮಾಡಿದ್ದು ವಿವರಿಸಿದ. ಅವರಜ್ಜ ಹುಬ್ಬಳ್ಳ್ಯಾಗ ಕುಂತು ವಿಡಿಯೋದಾಗ ನೋಡಿ ಕಣ್ಣೀರು ತಗದ್ರು. ಈಗ ಅವ ಮೆಡಿಕಲ್ ಮೂರನೇ ವರ್ಷ. ಸಣ್ಣಂದಿನಿಂದ ಶಿಸ್ತು ಕಲಿಸಿದ್ರ ಎಲ್ಲಾ ತಾನಾ ಬರ್ತದ. ಎನ್‌ಐಎಚ್‌ಗೆ ಹಾಕಸ್ರಿ.

ತುಮಕೂರಿನವಳು, ಸಿನ್ಸಿನಾಟಿ
ಸರ್, ಅವರು ಎಚ್-4 ಅಂತ ಬರೆದಿದಾರೆ. ಎನ್‌ಐಎಚ್ ಸಮ್ಮರ್ ಇಂಟರ್ನ್‌ಶಿಪ್ ಸಿಟಿಜನ್, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. 2025ರಲ್ಲಂತೂ ಪೂರ್ತಿ ರದ್ದು ಮಾಡಿದ್ರು. ಎನ್‌ಎಸ್‌ಎಫ್ ಅನ್ನೋ ಸರ್ಕಾರಿ ವಿಜ್ಞಾನ ಸಂಸ್ಥೆ ದುಡ್ಡಲ್ಲಿ ನಡೆಯೋ ಆರ್‌ಇಯು ಅನ್ನೋ ಸಮ್ಮರ್ ರಿಸರ್ಚ್ ಕೂಡ ಸಿಟಿಜನ್, ಗ್ರೀನ್ ಕಾರ್ಡ್ ಇದ್ದವರಿಗೇ. ಅಮೆರಿಕದ ಆಮ್ಜೆನ್ ಸ್ಕಾಲರ್ಸ್ ಅನ್ನೋ ಪ್ರೋಗ್ರಾಂಗೂ ವೀಸಾ ಮಕ್ಕಳು ಹಾಕೋ ಹಾಗಿಲ್ಲ.

ಅಕ್ಕಾ, ನಾನು ರಿಸರ್ಚ್ ಲ್ಯಾಬಲ್ಲೇ ಕೆಲಸ ಮಾಡೋದು, ಬೇಸಿಗೆ ಬಂದ್ರೆ ಈ ಮಕ್ಕಳ ಜೊತೆಗೇ ನಮ್ಮ ಒಡನಾಟ. ದೊಡ್ಡ ಹೆಸರಿನ ಪ್ರೋಗ್ರಾಂ ಪಕ್ಕಕ್ಕಿಟ್ಟು ಅವಳ ಯೂನಿವರ್ಸಿಟಿಯಲ್ಲೇ ಶುರು ಮಾಡ್ಸಿ. ಎಚ್-4ರಲ್ಲಿ ಓದಬಹುದು, ದುಡಿಯೋ ಹಾಗಿಲ್ಲ. ಆದರೆ ರಿಸರ್ಚನ್ನೇ ಕ್ರೆಡಿಟ್ ಇರೋ ಕೋರ್ಸಾಗಿ ತಗೊಂಡ್ರೆ ಅದು ಓದಿನ ಲೆಕ್ಕ. ಫೀಸ್ ಕಟ್ಟಬೇಕು, ಒಬ್ಬ ಪ್ರೊಫೆಸರ್ ಒಪ್ಪಬೇಕು, ಅಷ್ಟೇ. "ವಾಲಂಟಿಯರ್ ಆಗಿ ಬಾ" ಅಂತ ಯಾರಾದ್ರೂ ಕರೆದ್ರೆ ತಕ್ಷಣ ಹೂಂ ಅನ್ನಬೇಡಿ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸೋ ಕೆಲಸವನ್ನ ಪುಕ್ಕಟೆ ಮಾಡಿಕೊಟ್ರೂ ವೀಸಾಗೆ ತೊಡಕಾಗಬಹುದು. ಇಂಟರ್‌ನ್ಯಾಷನಲ್ ಆಫೀಸಿಗೆ ಮೇಲ್ ಹಾಕಿ ಉತ್ತರ ಬರಹದಲ್ಲೇ ತಗೊಳ್ಳಿ.

ಹಾಸನದವನು, ಡಲ್ಲಾಸ್
ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ರಿಸರ್ಚೇ ಬೇಡ. ರೋಗಿಯ ನಾಡಿ ಹಿಡಿದು ನೋಡಬೇಕಾದ ಹುಡುಗಿ ಬೇಸಿಗೆಯೆಲ್ಲಾ ಟ್ಯೂಬಿಗೆ ಲೇಬಲ್ ಅಂಟಿಸಿ ಏನು ಕಲೀತಾಳೆ? ನಾಲ್ಕು ವರ್ಷ ಡಿಗ್ರಿ, ನಾಲ್ಕು ವರ್ಷ ಮೆಡಿಕಲ್, ಆಮೇಲೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ ಅನ್ನೋ ಆಸ್ಪತ್ರೆ ತರಬೇತಿ. ವೀಸಾ ಮಕ್ಕಳಿಗೆ ಫೆಡರಲ್ ಸಾಲವೂ ಇಲ್ಲ. ಮನೆ ಮೇಲೆ ಸಾಲ ತೆಗೆದ ಸ್ನೇಹಿತರನ್ನ ನೋಡಿದೀನಿ, ಗಂಡ ಹೆಂಡತಿ ಮಾತು ಬಿಟ್ಟಿದ್ದನ್ನೂ ನೋಡಿದೀನಿ.

ನಮ್ಮಲ್ಲಿ ಏನು ಕಡಿಮೆ? ಮಣಿಪಾಲದ ಕೆಎಂಸಿ 1953ರಿಂದ ಡಾಕ್ಟರುಗಳನ್ನ ತಯಾರು ಮಾಡ್ತಿದೆ. ನೀಟ್ ಬರೆಸಿ, ಎನ್‌ಆರ್‌ಐ ಸೀಟಲ್ಲಿ ಸೇರಿಸಿ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಜ್ಜಿ ತಾತ ಹತ್ರ ಇರ್ತಾರೆ, ಕನ್ನಡ ಉಳಿಯುತ್ತೆ, ವಾರ್ಡಲ್ಲಿ ನಿಜವಾದ ರೋಗಿಗಳನ್ನ ನೋಡ್ತಾಳೆ. ಇಲ್ಲೇ ಓದಿಸಬೇಕು ಅನ್ನೋದು ನಮ್ಮ ಪ್ರತಿಷ್ಠೆ, ಮಕ್ಕಳ ಹಿತ ಅಲ್ಲ. ನನ್ನ ಮಾತು ಇವತ್ತು ಕಹಿಯಾಗಿರಬಹುದು, ಆದ್ರೂ ಯೋಚನೆ ಮಾಡಿ.

ಮಂಗಳೂರು, ಟ್ಯಾಂಪಾ
ಸರಿಯಾಗಿ ಹೇಳಿದ್ರಿ ಮಾರಾಯ್ರೆ. ನನ್ನ ತಂಗಿ ಮಗಳು ಅಲ್ಲೇ ಓದಿದ್ದು, ಈಗ ಉಡುಪಿಯಲ್ಲಿ ಒಳ್ಳೆ ಹೆಸರು. ಎನ್‌ಆರ್‌ಐ ಸೀಟಿಗೆ ಈಗ ಫೀಸ್ ಎಷ್ಟುಂಟು?

ಡಾಕ್ಟರು, ಡೆಟ್ರಾಯ್ಟ್
ಡಲ್ಲಾಸಿನ ಸಹೋದರರೇ, ನಾನೂ ಕರ್ನಾಟಕದಲ್ಲೇ ಎಂಬಿಬಿಎಸ್ ಮುಗಿಸಿ ಬಂದವನು, ಆ ಓದಿನ ಬಗ್ಗೆ ನನಗೆ ಅಪಾರ ಗೌರವ. ಆದರೆ ಆ ಹುಡುಗಿ ಮುಂದೆ ಇಲ್ಲಿಗೇ ವಾಪಸ್ ಬರೋದಾದ್ರೆ ಯುಎಸ್‌ಎಂಎಲ್‌ಇ ಅನ್ನೋ ಇಲ್ಲಿನ ಡಾಕ್ಟರ್ ಲೈಸೆನ್ಸ್ ಪರೀಕ್ಷೆ ಬರೀಬೇಕು, ಹೊರಗೆ ಓದಿದವರ ಸಾಲಲ್ಲಿ ನಿಂತು ರೆಸಿಡೆನ್ಸಿ ಹುಡುಕಬೇಕು. ಹಿಂದೆ ಆ ಪರೀಕ್ಷೆಯ ಮೊದಲ ಹಂತ ಸ್ಟೆಪ್ 1ರಲ್ಲಿ ಒಳ್ಳೆ ಸ್ಕೋರ್ ಬಂದ್ರೆ ಅದನ್ನೇ ತೋರಿಸಿ ಎದ್ದು ಕಾಣಬಹುದಿತ್ತು. 2022ರಿಂದ ಅದು ಬರೀ ಪಾಸ್ ಅಥವಾ ಫೇಲ್. ಹಾಗಾಗಿ ರಿಸರ್ಚಿನ ತೂಕ ಅಲ್ಲಿ ಇನ್ನೂ ಹೆಚ್ಚಿದೆ. ಬಿಟ್ಟು ಓಡಿದ್ರೂ ಅದು ಬೆನ್ನು ಬಿಡೋದಿಲ್ಲ.

ಹಾಸನದವನು, ಡಲ್ಲಾಸ್
ವಾಪಸ್ ಯಾಕೆ ಬರಬೇಕು ಸರ್? ನಮ್ಮ ಜಿಲ್ಲೆಗಳಿಗೆ ಡಾಕ್ಟರು ಬೇಡವಾ? ಸಕಲೇಶಪುರದ ಒಳಗಿನ ಹಳ್ಳಿಗಳಿಂದ ಹೆರಿಗೆಗೆ ಇವತ್ತಿಗೂ ಎಷ್ಟು ದೂರ ಹೋಗಬೇಕು ಅಂತ ನನ್ನ ಅತ್ತಿಗೆಯನ್ನ ಕೇಳಿ.

ಮೈಸೂರು, ಸ್ಯಾನ್ ಹೊಸೆ
ನಿಮ್ಮ ವಾದ ಓದ್ತಾ ಎದೆ ಭಾರವಾಯ್ತು. ನಮ್ಮ ಮಗನಿಗೂ ಇದೇ ಕನಸಿತ್ತು. ಗ್ರೀನ್ ಕಾರ್ಡಿನ ಸಾಲು ಕರಗಲೇ ಇಲ್ಲ, ವಯಸ್ಸು ಇಪ್ಪತ್ತೊಂದಾಯ್ತು, ಅಲ್ಲಿಗೆ ಎಚ್-4 ಮುಗೀತು. ಎರಡು ವರ್ಷದ ಮಗು ಕರ್ಕೊಂಡು ಬಂದಿದ್ವಿ, ಅವನಿಗೆ ಬೇರೆ ದೇಶ ಗೊತ್ತೇ ಇಲ್ಲ. ಮೆಡಿಸಿನ್ ಬಿಟ್ಟು ಕಂಪ್ಯೂಟರ್ ತಗೊಂಡ, ಈಗ ಟೊರಾಂಟೊದಲ್ಲಿದಾನೆ. ಚೆನ್ನಾಗಿದಾನೆ. ಆದ್ರೂ ಯಾರ ಮಗುವಾದ್ರೂ ಬಿಳಿ ಕೋಟು ಹಾಕಿರೋ ಫೋಟೋ ಗುಂಪಿಗೆ ಬಂದಾಗ ನಾನು ಅದನ್ನ ಪೂರ್ತಿ ನೋಡೋಕೆ ಆಗಲ್ಲ. ಶಿರಸಿ ತಂಗೀ, ರಿಸರ್ಚಿಗಿಂತ ಮೊದಲು ಅವಳಿಗೆ ಇಪ್ಪತ್ತೊಂದು ಯಾವಾಗ ತುಂಬುತ್ತೆ ನೋಡಿ, ಒಳ್ಳೆ ಲಾಯರ್ ಹತ್ರ ಕೂತು ಮಾತಾಡಿ.

ದಾವಣಗೆರೆ, ಕಾನ್ಸಾಸ್ ಸಿಟಿ
ಇದಕ್ಕೆಲ್ಲ ಒಂದೇ ಪರಿಹಾರ ಡಿಗ್ರಿ, ಮೆಡಿಕಲ್ ಎರಡೂ ಒಟ್ಟಿಗಿರೋ ಬಿಎಸ್/ಎಂಡಿ. ನಮ್ಮೂರಿನ ಯುಎಂಕೆಸಿ ಯೂನಿವರ್ಸಿಟಿಯಲ್ಲಿ ಆರೇ ವರ್ಷ, ಹೈಸ್ಕೂಲಿಂದ ನೇರ.

ತುಮಕೂರಿನವಳು, ಸಿನ್ಸಿನಾಟಿ
ಅವಳಾಗಲೇ ಕಾಲೇಜು ಎರಡನೇ ವರ್ಷ ರೀ.

ಶಿರಸಿಯವಳು, ಕೊಲಂಬಸ್
ಎಲ್ಲರಿಗೂ ಧನ್ಯವಾದ. ಮೈಸೂರಿನ ಅಕ್ಕಾ, ನಿಮ್ಮ ಮಾತು ಓದಿ ಮನೆಯವರಿಗೂ ತೋರಿಸಿದೆ. ಇವಳಿಗೆ ಇಪ್ಪತ್ತು ಆಗಲೇ ತುಂಬಿದೆ. ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಯಿಸೋ ಮಾತು ಶುರು ಮಾಡಿದೀವಿ. ಮಣಿಪಾಲದ ವಿಷಯ ಅವಳ ಹತ್ರ ಹೇಳಿದ್ದಕ್ಕೆ ಊಟ ಬಿಟ್ಟು ಎದ್ದು ಹೋದಳು. ತುಮಕೂರಿನವರೇ, ಎಫ್-1 ಆದ್ರೆ ಏನಾದ್ರೂ ಅನುಕೂಲ ಇದೆಯಾ? ಪ್ರೊಫೆಸರುಗಳಿಗೆ ಬರೆದ್ರೆ ಉತ್ತರವೇ ಬರಲ್ಲ ಅಂತಾಳೆ.

ಧಾರವಾಡದವರು, ಎಡಿಸನ್
ನಮ್ಮ ಮಗನ ರೆಸ್ಯೂಮೆ ಕಳಸ್ಲೇನ್ರಿ? ನೋಡಿ ಬರಕೊಳ್ಳಿ.

ಹಾಸನದವನು, ಡಲ್ಲಾಸ್
ಎದ್ದು ಹೋದ್ರೆ ಹೋಗ್ಲಿ ಬಿಡಿ, ಆ ವಯಸ್ಸಿಗೆ ಅದು ಸಹಜ. ಹೆತ್ತವರು ಗಟ್ಟಿಯಾಗಿ ನಿಲ್ಲಬೇಕು. ಫೀಸ್ ವಿವರ ಕೇಳಿದವರಿಗೆಲ್ಲ ಕಳಿಸ್ತಿದೀನಿ.

ತುಮಕೂರಿನವಳು, ಸಿನ್ಸಿನಾಟಿ
ಎಫ್-1 ಆದ್ರೆ ಅನುಕೂಲ ಇದೆ ಅಕ್ಕಾ. ತನ್ನದೇ ಕ್ಯಾಂಪಸ್ಸಲ್ಲಿ ಸೆಮಿಸ್ಟರ್ ನಡೀವಾಗ ವಾರಕ್ಕೆ 20 ಗಂಟೆ, ಬೇಸಿಗೆ ರಜೆಯಲ್ಲಿ ಪೂರ್ತಿ ಸಮಯ ಸಂಬಳಕ್ಕೇ ಕೆಲಸ ಮಾಡಬಹುದು. ಬೇರೆ ಊರಿನ ಲ್ಯಾಬಾದ್ರೆ ಸಿಪಿಟಿ (ಓದಿನ ಭಾಗವಾಗಿ ಹೊರಗೆ ಕೆಲಸ ಮಾಡೋ ಅನುಮತಿ) ವಿಷಯ ಇಂಟರ್‌ನ್ಯಾಷನಲ್ ಆಫೀಸಲ್ಲಿ ಕೇಳಬೇಕು. ಹೊರದೇಶದ ಮಕ್ಕಳನ್ನೂ ತಗೊಳ್ಳೋ ಪ್ರೋಗ್ರಾಂ ಇಲ್ಲವೇ ಇಲ್ಲ ಅಂತಲ್ಲ. ನ್ಯೂಯಾರ್ಕಿನ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಲ್ಯಾಬೊರೇಟರಿ 1959ರಿಂದ ಒಂದು ನಡೆಸ್ತಿದೆ. ಪೈಪೋಟಿ ಜೋರು, ಆದ್ರೂ ಹಾಕಲಿ. ಇಂಥವು ಹೆಚ್ಚಿನವು ಜನವರಿ, ಫೆಬ್ರವರಿಗೇ ಮುಚ್ಚುತ್ತವೆ. ಏಪ್ರಿಲಲ್ಲಿ ಹುಡುಕಿದ್ರೆ ಏನೂ ಸಿಗಲ್ಲ.

ರಿಸರ್ಚ್ ಇಲ್ಲದಿದ್ರೆ ಅರ್ಜಿ ನೋಡಲ್ವಾ ಅಂತ ಕೇಳಿದ್ರಿ. ನೋಡ್ತಾರೆ. ಆಮ್ಕಾಸ್ ಅನ್ನೋ ಮೆಡಿಕಲ್ ಸ್ಕೂಲುಗಳ ಸಾಮಾನ್ಯ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಇರೋದು 15 ಜಾಗ, ಅದರಲ್ಲಿ ರಿಸರ್ಚೂ ಒಂದು. ರೋಗಿಗಳ ಹತ್ರ ಕಳೆದ ಸಮಯವನ್ನೂ ಅಷ್ಟೇ ಗಮನಿಸ್ತಾರೆ, ಹಾಸನದವರ ಮಾತಲ್ಲಿ ಅಷ್ಟು ನಿಜ ಇದೆ. ಆದರೆ ವೀಸಾ ಮಕ್ಕಳನ್ನ ಎಷ್ಟೋ ಮೆಡಿಕಲ್ ಸ್ಕೂಲುಗಳು ಸೇರಿಸ್ಕೊಳ್ಳೋದೇ ಇಲ್ಲ. ಯಾರು ತಗೋತಾರೆ ಅನ್ನೋದು ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿಯ ಎಂಸಾರ್ ಅನ್ನೋ ವೆಬ್‌ಸೈಟಲ್ಲಿ ಕಾಲೇಜುವಾರು ಸಿಗುತ್ತೆ, ಅದನ್ನ ಈಗಲೇ ನೋಡ್ಕೊಳ್ಳಿ.

ಮೇಲ್ ವಿಷಯ. ಎಲ್ಲರಿಗೂ ಒಂದೇ ಮೇಲ್ ಕಳಿಸಿದ್ರೆ ನಾವು ಮೊದಲ ಸಾಲಲ್ಲೇ ಕಂಡುಹಿಡೀತೀವಿ. ಎನ್‌ಐಎಚ್ ರಿಪೋರ್ಟರ್ ವೆಬ್‌ಸೈಟಲ್ಲಿ ಅವಳ ಯೂನಿವರ್ಸಿಟಿ ಹೆಸರು ಹಾಕಿದ್ರೆ ಯಾರ ಹತ್ರ ಗ್ರಾಂಟ್ (ರಿಸರ್ಚಿಗೆ ಕೊಟ್ಟ ದುಡ್ಡು) ಇದೆ, ಯಾವ ವರ್ಷದವರೆಗೆ, ಯಾವ ವಿಷಯಕ್ಕೆ ಅಂತ ಬರುತ್ತೆ. ಇನ್ನೂ ಒಂದೆರಡು ವರ್ಷ ಗ್ರಾಂಟ್ ಇರೋರನ್ನ ಆರಿಸ್ಕೊಂಡು, ಅವರ ಒಂದು ಪೇಪರ್ ಪೂರ್ತಿ ಓದಿ, ಅದರಲ್ಲಿ ತನಗೆ ಅರ್ಥವಾಗದ ಒಂದು ಪ್ರಶ್ನೆ ಬರೀಲಿ. ಆರೇಳು ಸಾಲು ಸಾಕು. ವಾರಕ್ಕೆ ಎಷ್ಟು ಗಂಟೆ ಬರಬಹುದು, ಕ್ರೆಡಿಟ್‌ಗೆ ಬರ್ತೀನಿ, ಸಂಬಳ ಬೇಡ, ಇಷ್ಟು ಸ್ಪಷ್ಟ ಇರಲಿ. ಉತ್ತರ ಬರದಿದ್ರೆ ಹತ್ತು ದಿನ ಬಿಟ್ಟು ಇನ್ನೊಮ್ಮೆ ಬರೀಲಿ. ಪ್ರೊಫೆಸರ್ ಬದಲು ಪಿಎಚ್‌ಡಿ ಮುಗಿಸಿ ಆ ಲ್ಯಾಬಲ್ಲಿರೋ ಪೋಸ್ಟ್‌ಡಾಕ್‌ಗೆ ಬರೆದ್ರೆ ಎಷ್ಟೋ ಸಲ ಬೇಗ ಉತ್ತರ ಬರುತ್ತೆ, ಕೆಲಸ ಕಲಿಸೋರು ಅವರೇ ತಾನೇ. ಮೊದಲ ಮೇಲಿನ ಕರಡನ್ನ ನನಗೆ ಇಲ್ಲೇ ಮೆಸೇಜಲ್ಲಿ ಕಳಿಸೋಕೆ ಹೇಳಿ, ಭಾನುವಾರ ಕೂತು ತಿದ್ದಿ ಕೊಡ್ತೀನಿ.