ಕಚೇರಿಗೆ ಮರಳಿದ ಮೇಲೂ ಎದೆಹಾಲು ಮುಂದುವರಿಸುವುದು ಹೇಗೆ?

ಬನಶಂಕರಿಯ ತಾಯಿ: ಮುಂದಿನ ತಿಂಗಳು ವೈಟ್‌ಫೀಲ್ಡ್‌ನ ಕಚೇರಿಗೆ ಮರಳಬೇಕು. ಹಾಲು ಕುಡಿಯುವಾಗ ಮಗಳು ನನ್ನ ಸರವನ್ನು ಬೆರಳಿಗೆ ಸುತ್ತಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳೆ. ಆ ಸುಖ ಬಿಡಲು ಮನಸ್ಸಿಲ್ಲ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಮನೆ ಸೇರುವಷ್ಟರಲ್ಲಿ ಹಿಂಡಿದ ಹಾಲು ಕೆಡುವುದಿಲ್ಲವೇ? ಅತ್ತೆಯವರು ಡಬ್ಬಿಹಾಲೇ ಸಾಕು ಎನ್ನುತ್ತಾರೆ.

ಮಲ್ಲೇಶ್ವರದ ಅಕ್ಕ: ಬಿಡಬೇಡ ತಂಗಿ. ಆಗಷ್ಟೇ ಹಿಂಡಿದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ಫ್ರಿಜ್‌ನ ಬಾಗಿಲಲ್ಲಿಡದೆ ಒಳಗೆ ಹಿಂಬದಿಯಲ್ಲಿಡು. ಐಸ್ ಪ್ಯಾಕ್ ಇರುವ ಚೀಲದಲ್ಲಿ ಮನೆಗೆ ತಾ. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟರಾಯಿತು. ಒಳಲೆಯಲ್ಲಿ ಕುಡಿಸುವ ಕೆಲಸವನ್ನು ಅತ್ತೆಯವರಿಗೇ ಒಪ್ಪಿಸು. ನನ್ನ ಅತ್ತೆ ಒಲಿದದ್ದೇ ಹಾಗೆ! ಕಚೇರಿಯಲ್ಲಿ ಹಿಂಡಲು ಬಾಗಿಲು ಹಾಕಿಕೊಳ್ಳುವ ಕೋಣೆಯನ್ನು ಈಗಲೇ ಕೇಳು. ನಾನು ಶೌಚಾಲಯದಲ್ಲಿ ನಿಂತು ಹಿಂಡಿದವಳು. ಆ ಅವಮಾನ ಯಾರಿಗೂ ಬೇಡ.

ವಿಜಯನಗರದಿಂದ: 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು. ತಾಯಿ ದಿನಕ್ಕೆ 4 ಬಾರಿ ಅಲ್ಲಿಗೆ ಹೋಗಿಬರಬಹುದು. ಮಾನವ ಸಂಪನ್ಮೂಲ ವಿಭಾಗಕ್ಕೆ ಪತ್ರ ಬರೆಯಿರಿ.

ಬನಶಂಕರಿಯ ತಾಯಿ: ಇಂದೇ ಬರೆಯುತ್ತೇನೆ. ಅಕ್ಕ, ಒಳಲೆ ಚಿಕ್ಕಪೇಟೆಯಲ್ಲಿ ಸಿಗುತ್ತದೆಯೇ?