ಆಯಿಲ್ ಬದಲಿಸಿದ ಮೇಲೆ ಹನಿ ನಿಲ್ಲುತ್ತಿಲ್ಲ: ಡ್ರೈನ್ ಪ್ಲಗ್ಗಾ, ಫಿಲ್ಟರಾ?

ಕೆಸರುಚಕ್ರ:
ಭಾನುವಾರ ಮನೆಯಲ್ಲೇ ಕಾರಿನ ಎಂಜಿನ್ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿದೆ. ಪೆಟ್ರೋಲ್ ಗಾಡಿ, ನಾಲ್ಕು ಸಿಲಿಂಡರ್, ಡಬ್ಬಿ ಥರ ತಿರುಗಿಸಿ ಕೂರಿಸೋ ಫಿಲ್ಟರ್. ಮ್ಯಾನ್ಯುಯಲ್‌ನಲ್ಲಿ ಹೇಳಿರೋ 5ಡಬ್ಲ್ಯೂ-30 ಆಯಿಲ್, 3.5 ಲೀಟರ್ ಹಾಕಿದ್ದೇನೆ. ಸ್ಟಾರ್ಟ್ ಮಾಡಿ ಕೆಳಗೆ ಬಗ್ಗಿ ನೋಡಿದಾಗ ಒಂದು ತೊಟ್ಟೂ ಇರಲಿಲ್ಲ. ಒಂದು ರೌಂಡ್ ಓಡಿಸಿ ತಂದು ನಿಲ್ಲಿಸಿದೆ. ಬೆಳಗ್ಗೆ ನೋಡಿದರೆ ನೆಲದ ಮೇಲೆ ಎರಡು ಅಂಗೈ ಅಗಲದ ಕಲೆ.

ಹಳೇ ಆಯಿಲ್ ಇಳಿಸೋ ಬೋಲ್ಟ್, ಅಂದ್ರೆ ಡ್ರೈನ್ ಪ್ಲಗ್ಗಿನ ತುದಿಯಲ್ಲಿ ಹನಿ ನೇತಾಡ್ತಿತ್ತು. ವಾಷರ್ ಹಳೇದೇ ಹಾಕಿದ್ದೆ, ಅದಕ್ಕೇ ಇರಬೇಕು ಅಂತ ಪಾನಾ ಹಾಕಿ ಬಿಗಿ ಮಾಡಿದೆ. ನಿಲ್ಲಲಿಲ್ಲ, ಇನ್ನೂ ಸ್ವಲ್ಪ ಬಿಗಿ ಮಾಡಿದೆ. ಈಗಲೂ ಹಾಗೇ ಇದೆ. ಇನ್ನೊಂದು ಕಾಲು ಸುತ್ತು ತಿರುಗಿಸಲಾ? ಅಥವಾ ಬಿಚ್ಚಿ ಟೆಫ್ಲಾನ್ ಟೇಪ್ ಸುತ್ತಿ ಹಾಕಲಾ?

ಹಳೇಪಿಸ್ಟನ್:
ಎರಡೂ ಬೇಡ. ಪಾನಾ ಮೊದಲು ಪಕ್ಕಕ್ಕಿಡಿ.

ನೀರಿನ ನಲ್ಲಿಗೆ ಟೇಪ್ ಸುತ್ತೋದು ಬೇರೆ ಲೆಕ್ಕ. ಇಲ್ಲಿ ಆಯಿಲ್ ತಡೆಯೋದು ಥ್ರೆಡ್ (ತಿರುಚು ಎಳೆ) ಅಲ್ಲ, ಪ್ಲಗ್ಗಿನ ತಲೆಗೂ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಅಂದ್ರೆ ಸಂಪ್‌ಗೂ ನಡುವೆ ಕೂರೋ ವಾಷರ್. ಟೇಪಿನ ಒಂದು ಎಳೆ ಹರಿದು ಒಳಗೆ ಹೋಯ್ತು ಅಂದ್ರೆ ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂತ್ಕೊಳ್ಳುತ್ತೆ. ಬಿಗಿ ಮಾಡೋ ವಿಷಯಕ್ಕೆ ಬಂದ್ರೆ, ಈಗಿನ ಬಹಳಷ್ಟು ಕಾರುಗಳ ಸಂಪ್ ಅಲ್ಯೂಮಿನಿಯಂ. 14 ಮಿ.ಮೀ. ಪ್ಲಗ್ಗಿಗೆ ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸಿ ಬಿಗಿಯೋ ಬಲ) ಸಾಕು. ನಿಮ್ಮ ಗಾಡಿಯ ಅಳತೆ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಉದ್ದ ಹಿಡಿಯ ಪಾನಾದಲ್ಲಿ ಸಿಟ್ಟು ತೀರಿಸಿಕೊಂಡರೆ ಅದನ್ನ ದಾಟೋದು ಎಷ್ಟು ಹೊತ್ತಿನ ಕೆಲಸ?

ಪ್ಲಗ್ಗಿನ ತುದಿಯಲ್ಲಿ ಹನಿ ಇದೆ ಅನ್ನೋದು ಯಾವುದಕ್ಕೂ ಸಾಕ್ಷಿಯಲ್ಲ. ಅದು ಎಂಜಿನ್ನಿನ ಅತ್ಯಂತ ಕೆಳಗಿನ ಜಾಗ, ಮೇಲೆ ಎಲ್ಲಿ ಸೋರಿದರೂ ಕೊನೆಗೆ ಅಲ್ಲಿಗೇ ಬಂದು ನೇತಾಡುತ್ತೆ. ಒದ್ದೆಯಾಗಿರೋ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರೋದು ಯಾವುದು ಅಂತ ಹುಡುಕಿ.

ಅದಕ್ಕೂ ಮೊದಲು ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಐದು–ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ಅಳೆಯೋ ಕಡ್ಡಿ, ಅಂದ್ರೆ ಡಿಪ್‌ಸ್ಟಿಕ್ ನೋಡಿ. ಎಷ್ಟೋ ಗಾಡಿಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ಸುಮಾರು ಒಂದು ಲೀಟರ್ ಅಂತರ. ಎಷ್ಟು ಹೋಗಿದೆ ಅಂತ ಅಂದಾಜು ಸಿಗುತ್ತೆ. ಕೆಂಪು ಆಯಿಲ್ ದೀಪ ಒಂದು ಕ್ಷಣ ಮಿನುಗಿದರೂ ಎಂಜಿನ್ ಬಂದ್ ಮಾಡಿ.

ನಟ್ಟುಬೋಲ್ಟು:
ಅಷ್ಟೊಂದು ಗಾಬರಿ ಬೀಳೋದು ಬೇಡ ಮಾರಾಯ್ರೆ. ಫಿಲ್ಟರ್ ಬಿಚ್ಚುವಾಗ ಒಂದು ಲೋಟದಷ್ಟು ಆಯಿಲ್ ಕೆಳಗೆ ಚೆಲ್ಲುತ್ತದೆ ಅಲ್ವಾ, ಅದು ಅಡಿಯ ಪ್ಲಾಸ್ಟಿಕ್ ತಟ್ಟೆಯಲ್ಲಿ, ಅಡ್ಡ ತೊಲೆಯ (ಕ್ರಾಸ್ ಮೆಂಬರ್) ಸಂದಿಯಲ್ಲಿ ನಿಂತಿರುತ್ತದೆ. ಗಾಡಿ ಓಡಿಸಿದಾಗ ಬಿಸಿಗೆ ತೆಳ್ಳಗಾಗಿ ನಿಧಾನಕ್ಕೆ ಇಳಿಯುತ್ತದೆ. ನನ್ನ ಗಾಡಿಯಲ್ಲಂತೂ ಪ್ರತಿ ಸಲವೂ ಇದೇ ಕತೆ, ಎರಡು ದಿನ ಹನಿಸಿ ಸುಮ್ಮನಾಗುತ್ತದೆ.

ಹಳೇಪಿಸ್ಟನ್:
ಇರಬಹುದು, ಇಲ್ಲ ಅನ್ನಲ್ಲ. ಆದ್ರೆ ಎರಡು ದಿನ ಕಾದು ನೋಡೋ ವಿಷಯ ಅಲ್ಲ ಇದು, ಪರೀಕ್ಷೆ ಮಾಡೋಕೆ ಅರ್ಧ ಗಂಟೆ ಸಾಕು. ಒಂದು ಬಿಳಿ ಕಾಗದಕ್ಕೆ ಆ ಹನಿ ಒರೆಸಿ. ಬಿಚ್ಚುವಾಗ ಚೆಲ್ಲಿದ್ದಾದ್ರೆ ಹಳೇ ಆಯಿಲ್, ಕಪ್ಪಗಿರುತ್ತೆ. ಜೇನಿನ ಬಣ್ಣ ಬಂತು ಅಂದ್ರೆ ಅದು ನೀವು ಈಗ ಹಾಕಿರೋ ಹೊಸ ಆಯಿಲ್, ಈಗಲೇ ಎಲ್ಲಿಂದಲೋ ಬರ್ತಿದೆ.

ಆಮೇಲೆ ಬ್ರೇಕ್ ಕ್ಲೀನರ್ ಹೊಡೆದು ಫಿಲ್ಟರ್, ಅದು ಕೂರೋ ಜಾಗ, ಸಂಪ್, ಪ್ಲಗ್ ಎಲ್ಲ ಒರೆಸಿ. ಎಂಜಿನ್ ತಣ್ಣಗಿರುವಾಗ ಮಾಡಿ, ಬಿಸಿ ಸೈಲೆನ್ಸರ್ ಪೈಪಿನ ಹತ್ತಿರ ಅದನ್ನ ಹೊಡೆಯಬಾರದು. ಪೂರ್ತಿ ಒಣಗಿದ ಮೇಲೆ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ. ಇನ್ನೊಬ್ಬರನ್ನ ಸೀಟಲ್ಲಿ ಕೂರಿಸಿ ಮೊದಲು ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ), ಆಮೇಲೆ 2,500–3,000 ಆರ್‌ಪಿಎಂವರೆಗೆ ಸ್ವಲ್ಪ ಹೊತ್ತು ಓಡಿಸಿ. ಸೋರೋ ಜಾಗದಲ್ಲಿ ಪೌಡರ್ ಮೇಲೆ ಗೆರೆ ಎದ್ದು ಕಾಣುತ್ತೆ. ಬೆಲ್ಟು, ಫ್ಯಾನಿನ ಹತ್ತಿರ ಕೈ ಹಾಕಬೇಡಿ. ಗಾಡಿ ಎತ್ತಿದ್ದರೆ ಜ್ಯಾಕ್ ಸ್ಟ್ಯಾಂಡ್ ಇರಲೇಬೇಕು. ಬರೀ ಜ್ಯಾಕ್ ನಂಬಿಕೊಂಡು ಕೆಳಗೆ ನುಗ್ಗೋರಿಗೆ ನಾನು ಸಲಹೆ ಕೊಡಲ್ಲ.

ಕೆಸರುಚಕ್ರ:
ಕಾಗದಕ್ಕೆ ಒರೆಸಿದೆ, ಜೇನಿನ ಬಣ್ಣ. ಹೊಸ ಆಯಿಲ್ಲೇ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಎರಡು ಗುರುತುಗಳ ನಡುವೆ ಇದೆ, ದೀಪ ಬಂದಿಲ್ಲ.

ಪೌಡರ್ ಉಪಾಯ ಚೆನ್ನಾಗಿದೆ! ಪ್ಲಗ್ಗಿನ ಸುತ್ತ ಪೌಡರ್ ಬೆಳ್ಳಗೆ ಹಾಗೇ ಉಳಿದಿದೆ. ಐಡಲ್‌ನಲ್ಲಿ ಎಲ್ಲೂ ಏನೂ ಇಲ್ಲ. ಆಕ್ಸಿಲರೇಟರ್ ಒತ್ತಿಸಿದ ಕೂಡಲೇ ಫಿಲ್ಟರ್ ಎಂಜಿನ್ನಿಗೆ ಕೂರೋ ಅಂಚಿನಲ್ಲಿ, ಒಂದೇ ಬದಿಯಲ್ಲಿ ಸಣ್ಣಗೆ ಒಸರಿ ಡಬ್ಬಿ ಮೇಲೆ ಗೆರೆ ಇಳೀತು. ಬಿಟ್ಟರೆ ನಿಂತುಹೋಗುತ್ತೆ.

ಡಿಪ್‌ಸ್ಟಿಕ್ದಾಸ:
ಹಾಗಾದ್ರೆ ಎರಡು ಗ್ಯಾಸ್ಕೆಟ್ ಕೇಸ್ ಇರಬೇಕು. ಹಳೇ ಫಿಲ್ಟರ್ ಬಿಚ್ಚುವಾಗ ಅದರ ರಬ್ಬರ್ ಬಳೆ ಕೆಲವೊಮ್ಮೆ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತೆ. ಕಪ್ಪು ಆಯಿಲ್ಲಿನಲ್ಲಿ ಕಪ್ಪು ರಬ್ಬರ್, ಕಣ್ಣಿಗೆ ಕಾಣಲ್ಲ. ಅದರ ಮೇಲೆ ಹೊಸದನ್ನ ಬಿಗಿದರೆ ರಬ್ಬರಿನ ಮೇಲೆ ರಬ್ಬರ್. ಒತ್ತಡ ಬಿದ್ದಾಗ ಒಂದು ಪಕ್ಕಕ್ಕೆ ಜಾರುತ್ತೆ, ಆಮೇಲೆ ಸಂಪ್‌ನಲ್ಲಿರೋ ಆಯಿಲ್ ಎಲ್ಲ ನೆಲಕ್ಕೆ. ಗಾಡಿ ತೆಗೀಬೇಡಿ. ಹಳೇ ಫಿಲ್ಟರ್ ಎಸೆದಿಲ್ಲ ತಾನೇ? ಅದರಲ್ಲಿ ಬಳೆ ಇದೆಯಾ ನೋಡಿ.

ಕೆಸರುಚಕ್ರ:
ಹಳೇ ಫಿಲ್ಟರ್ ಇದೆ, ಬಳೆ ಅದರಲ್ಲೇ ಇದೆ. ಹೊಸದನ್ನೂ ಬಿಚ್ಚಿ ನೋಡಿದೆ, ಎಂಜಿನ್ ಕಡೆ ಮುಖ ಕ್ಲೀನಾಗಿದೆ. ಹೊಸ ಬಳೆಗೆ ಆಯಿಲ್ ಸವರಿಯೇ ಹಾಕಿದ್ದೆ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿ ಮಾಡಿದ್ದೆ. ಡಬ್ಬಿ ಮೇಲಿನ ಚಿತ್ರದಲ್ಲೂ ಹಾಗೇ ಇತ್ತು.

ಒಂದು ವಿಷಯ, ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಹೊಸ ಫಿಲ್ಟರ್ ತಿರುಗಿಸುವಾಗ ಬಳೆ ತಾಗೋವರೆಗೂ ಆಚೀಚೆ ಲಗಲಗ ಅಂತ ಅಲ್ಲಾಡುತ್ತೆ. ತಾಗಿದ ಮೇಲೆ ಗಟ್ಟಿ. ಮ್ಯಾನ್ಯುಯಲ್‌ನಲ್ಲಿದ್ದ ನಂಬರಿನ ಫಿಲ್ಟರ್ ಸಿಗಲಿಲ್ಲ, ಅಂಗಡಿಯವರು ‘ಇದೂ ಅದೇ, ಕಂಪನಿ ಬೇರೆ ಅಷ್ಟೆ’ ಅಂತ ಕೊಟ್ಟಿದ್ದು.

ಹಳೇಪಿಸ್ಟನ್:
ಸಂಬಂಧ ಇದೆಯೋ ಅಂತ ಕೇಳ್ತೀರಲ್ಲ! ಗುಟ್ಟು ಇರೋದೇ ಆ ಅಲ್ಲಾಟದಲ್ಲಿ.

ಡಬ್ಬಿ ಫಿಲ್ಟರ್ ಕೂರೋ ಸ್ಟಡ್ಡಿಗೆ (ಎಂಜಿನ್ನಿನಿಂದ ಚಾಚಿರೋ ಎಳೆ ಇರೋ ಕೊಳವೆ) ಎರಡು ಥ್ರೆಡ್ ಬಹಳ ಸಾಮಾನ್ಯ. ಒಂದು ಮುಕ್ಕಾಲು ಇಂಚು, ಇಂಚಿಗೆ 16 ಎಳೆ. ಇನ್ನೊಂದು ಎಂ20, ಅಂದ್ರೆ 20 ಮಿ.ಮೀ. ಅಗಲ, 1.5 ಮಿ.ಮೀ. ಪಿಚ್ (ಎಳೆಯಿಂದ ಎಳೆಗೆ ಇರೋ ಅಂತರ). ಮುಕ್ಕಾಲು ಇಂಚು ಅಂದ್ರೆ 19.05 ಮಿ.ಮೀ., ಅದರ ಪಿಚ್ 1.59ರ ಹತ್ತಿರ. ಕಣ್ಣಿಗೆ ಎರಡೂ ಒಂದೇ. ಎಂ20 ಸ್ಟಡ್ಡಿಗೆ ಮುಕ್ಕಾಲು ಇಂಚಿನ ಫಿಲ್ಟರ್ ಹತ್ತೋದೇ ಇಲ್ಲ, ಹಾಗಾಗಿ ಅಲ್ಲಿ ಅಪಾಯ ಇಲ್ಲ. ತೊಂದರೆ ಉಲ್ಟಾ ಆದಾಗ. ಮುಕ್ಕಾಲು ಇಂಚಿನ ಸ್ಟಡ್ಡಿಗೆ ಎಂ20 ಫಿಲ್ಟರ್ ಆರಾಮಾಗಿ ಹತ್ತುತ್ತೆ, ಬಿಗಿಯೂ ಆಯ್ತು ಅನ್ಸುತ್ತೆ. ಸರಿಯಾದ ಜೋಡಿಯಲ್ಲಿ ಎಳೆಗಳು ಒಂದಕ್ಕೊಂದು 0.8 ಮಿ.ಮೀ. ಆಸುಪಾಸು ಕಚ್ಚಿಕೊಳ್ಳುತ್ತವೆ. ಇಲ್ಲಿ 0.3 ಅಷ್ಟೆ. ಪಿಚ್ ಕೂಡ ಬೇರೆ ಆದ್ದರಿಂದ ಎಲ್ಲ ಎಳೆಗಳೂ ಭಾರ ಹೊರಲ್ಲ.

ಐಡಲ್‌ನಲ್ಲಿ ಯಾಕೆ ಸೋರಲ್ಲ ಅಂತ ನೋಡಿ. ಬಿಸಿ ಎಂಜಿನ್ ಐಡಲ್‌ನಲ್ಲಿ ಒತ್ತಡ ಸುಮಾರು 1 ಬಾರ್ ಇರುತ್ತೆ, ಆಕ್ಸಿಲರೇಟರ್ ಕೊಟ್ಟಾಗ 4 ಬಾರ್ ಹತ್ತಿರ ಹೋಗುತ್ತೆ. ಬಳೆಯ ಒಳಗಿನ ಅಗಲ 60 ಮಿ.ಮೀ. ಅಂತಿಟ್ಟುಕೊಳ್ಳಿ, 28 ಚದರ ಸೆಂ.ಮೀ. ಆಯ್ತು. ಅದರ ಮೇಲೆ 4 ಬಾರ್ ಅಂದ್ರೆ ನೂರು ಕೆಜಿಗೂ ಮೇಲೆ ಭಾರ ಆ ಡಬ್ಬಿಯನ್ನ ಎಂಜಿನ್ನಿನಿಂದ ಆಚೆ ತಳ್ಳುತ್ತೆ. ನಿಮ್ಮ ಫಿಲ್ಟರ್ ಆಗ ಒಂದು ಬದಿಗೆ ಕೂದಲೆಳೆಯಷ್ಟು ಬಾಯಿ ಬಿಡ್ತಿದೆ. ಹೈವೇಯಲ್ಲಿ ಪೂರ್ತಿ ಕಿತ್ತು ಬಂದಿದ್ರೆ ಎಂಜಿನ್ ಉಳೀತಿರಲಿಲ್ಲ.

ವರ್ನಿಯರ್ ಇದ್ದರೆ ಸ್ಟಡ್ ಅಳೆಯಿರಿ. 19ರ ಆಸುಪಾಸು ಬಂದ್ರೆ ಮುಕ್ಕಾಲು ಇಂಚು, 20ರ ಹತ್ತಿರ ಬಂದ್ರೆ ಎಂ20. ವರ್ನಿಯರ್ ಇಲ್ಲದಿದ್ರೆ ಹಳೇ ಫಿಲ್ಟರನ್ನೇ ಕೈಯಲ್ಲಿ ಎರಡು ಸುತ್ತು ಹಾಕಿ ಅಲ್ಲಾಡಿಸಿ.

ಡಿಪ್‌ಸ್ಟಿಕ್ದಾಸ:
ಬಳೆಯ ಅಗಲ, ಡಬ್ಬಿ ಉದ್ದ ಎಲ್ಲ ಒಂದೇ ಇದ್ದು ಥ್ರೆಡ್ ಮಾತ್ರ ಬೇರೆ ಇರೋ ಫಿಲ್ಟರ್‌ಗಳೂ ಇವೆ, ಹೌದು. ನನ್ನ ತಲೆಗೆ ಹೊಳೆದಿರಲಿಲ್ಲ. ಫಿಲ್ಟರ್ ಕಟ್ಟಿಕೊಂಡಾಗ ಆಯಿಲ್ ನೇರ ಹೋಗೋಕೆ ಬಿಡೋ ಬೈಪಾಸ್ ವಾಲ್ವ್ ತೆರೆಯೋ ಒತ್ತಡವೂ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ ಇರುತ್ತೆ. ಪಕ್ಕಪಕ್ಕ ಇಟ್ಟು ‘ಒಂದೇ ಥರ ಇದೆ’ ಅಂತ ತರೋದು ನಡೆಯಲ್ಲ, ನಂಬರ್ ತಾಳೆ ಆಗಬೇಕು.

ಕೆಸರುಚಕ್ರ:
ಸ್ಟಡ್ 18.9 ಬಂತು. ಹಳೇ ಫಿಲ್ಟರ್ ಹಾಕಿದ್ರೆ ಎರಡನೇ ಸುತ್ತಿಗೇ ನೆಟ್ಟಗೆ ನಿಲ್ಲುತ್ತೆ, ಅಲ್ಲಾಟ ಇಲ್ಲ. ಹೊಸದರ ರಟ್ಟಿನ ಪೆಟ್ಟಿಗೆ ಬದಿಯಲ್ಲಿ ಸಣ್ಣಕ್ಷರದಲ್ಲಿ ‘ಎಂ20×1.5’ ಅಂತ ಬರೆದೇ ಇದೆ.

ಸರಿಯಾದ ನಂಬರಿನದು ತರಿಸಿ ಹಾಕಿದೆ. ಸ್ಟಡ್ಡಿನ ಎಳೆಗಳನ್ನ ಟಾರ್ಚ್ ಹಾಕಿ ನೋಡಿದೆ, ಏನೂ ಆಗಿಲ್ಲ. ಸ್ಟಾರ್ಟ್ ಮಾಡಿದಾಗ ದೀಪ ಎರಡು ಸೆಕೆಂಡಿನಲ್ಲಿ ಆರಿತು. ಮತ್ತೆ ಪೌಡರ್ ಹಾಕಿ 3,000 ಆರ್‌ಪಿಎಂನಲ್ಲಿ ನೋಡಿದೆ, ಒಣ ಒಣ. ಮಟ್ಟ ನೋಡಿ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ ಸೇರಿಸಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಇನ್ನೊಂದು ಉಳಿದಿದೆ. ಡ್ರೈನ್ ಪ್ಲಗ್ ಸುಮ್ಮಸುಮ್ಮನೆ ಬಿಗಿ ಮಾಡಿಬಿಟ್ಟೆನಲ್ಲ, ಈಗ ಸಡಿಲ ಮಾಡಬೇಕಾ?

ನಟ್ಟುಬೋಲ್ಟು:
ಮುಟ್ಟಬೇಡಿ. ಈಗ ಸೋರುತ್ತಿಲ್ಲ, ಸಡಿಲ ಮಾಡಿದರೆ ಆ ಹಳೇ ವಾಷರ್ ಮತ್ತೆ ಕೂರುತ್ತದೆ ಎನ್ನುವ ಗ್ಯಾರಂಟಿ ಇಲ್ಲ. ಮುಂದಿನ ಸಲ ಆಯಿಲ್ ಬದಲಿಸುವಾಗ ಹೊಸ ವಾಷರ್ ತಂದಿಟ್ಟುಕೊಂಡೇ ಬಿಚ್ಚಿ. ಬಿಚ್ಚುವಾಗ ಕೊನೆಯವರೆಗೂ ಬಿಗಿಯಾಗಿಯೇ ಬಂದರೆ, ಪ್ಲಗ್ಗಿನ ಎಳೆಗಳಲ್ಲಿ ಬೆಳ್ಳಗೆ ಅಲ್ಯೂಮಿನಿಯಂ ಸುರುಳಿ ಸಿಕ್ಕಿಕೊಂಡಿದ್ದರೆ, ಸಂಪಿನ ಥ್ರೆಡ್ ಹೋಗಿದೆ ಅಂತ ಲೆಕ್ಕ. ಆಗಲೂ ಸಂಪ್ ಬದಲಿಸಲೇಬೇಕು ಅಂತಿಲ್ಲ, ಥ್ರೆಡ್ ಇನ್ಸರ್ಟ್ (ಹೊಸ ಎಳೆ ಕೊಡುವ ಲೋಹದ ಸುರುಳಿ) ಹಾಕಿಸಬಹುದು.

ತಾಮ್ರದ ವಾಷರ್ ಆದರೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗಿ ಮತ್ತೆ ಬಳಸಲು ಬರುತ್ತದೆ. ಅಲ್ಯೂಮಿನಿಯಂ ವಾಷರಿಗೆ ಈ ಪ್ರಯೋಗ ಮಾಡಬೇಡಿ, ಕರಗಿ ಹೋಗುತ್ತದೆ.

ಸೈಲೆಂಟ್‌ಸೈಲೆನ್ಸರ್:
ಓದ್ತಾ ಓದ್ತಾ ನನಗೂ ಭಯ ಹುಟ್ಟಿತು. ನನ್ನ ಗಾಡಿಯಲ್ಲಿ ಡಬ್ಬಿ ಇಲ್ಲ, ಪ್ಲಾಸ್ಟಿಕ್ ಮುಚ್ಚಳದೊಳಗೆ ಕಾಗದದ ಕಾರ್ಟ್ರಿಜ್. ಅದರಲ್ಲೂ ಈ ಥ್ರೆಡ್ ತೊಂದರೆ ಬರುತ್ತಾ?

ಹಳೇಪಿಸ್ಟನ್:
ಬರಲ್ಲ, ಮುಚ್ಚಳ ಗಾಡಿಯದ್ದೇ ಅಲ್ವಾ. ಅಲ್ಲಿ ಕೈಕೊಡೋದು ಓ-ರಿಂಗ್. ಹೊಸ ಕಾರ್ಟ್ರಿಜ್ ಜೊತೆ ಬಂದಿರೋ ರಿಂಗನ್ನೇ ಹಾಕಿ, ಹಳೇದು ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಹಾಕೋ ಮೊದಲು ಹಳೇದು ಯಾವ ಕಾಲುವೆಯಲ್ಲಿ ಕೂತಿತ್ತು ಅಂತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಎಳೆಗಳ ಹತ್ತಿರದ ತಪ್ಪು ಜಾಗದಲ್ಲಿ ಕೂರಿಸಿದರೆ ಸೋರೋದು ಖಂಡಿತ. ರಿಂಗಿಗೆ ಆಯಿಲ್ ಸವರಿ. ಬಹಳಷ್ಟು ಮುಚ್ಚಳಗಳ ತಲೆ ಮೇಲೇ ಟಾರ್ಕ್ ಬರೆದಿರುತ್ತೆ, 25 ನ್ಯೂಟನ್ ಮೀಟರ್ ಆಗಾಗ ಕಾಣೋ ಅಳತೆ. ಪ್ಲಾಸ್ಟಿಕ್ ಅದು, ಅದಕ್ಕಿಂತ ಜಾಸ್ತಿ ಬಿಗಿದರೆ ಬಿರುಕು ಬಿಡುತ್ತೆ.