ಎಕ್ಸ್‌ಎಲ್‌ಆರ್ ಕೇಬಲ್ ಹಾಕಿದರೂ ಗುಂಯ್ ಸದ್ದು ಹೋಗುತ್ತಿಲ್ಲ

ವಿದ್ಯಾನಗರ, ದಾವಣಗೆರೆ:
ಹಾಲ್‌ನಲ್ಲಿ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಮಾಡಿ ಕೊಡುವ ಡಬ್ಬ), ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಇವೆ. ಟಿವಿಯನ್ನೂ ಅದೇ ಆಂಪ್‌ಗೆ ಸೇರಿಸಿದ್ದೇನೆ. ಹಾಡು ನಿಂತ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು, ಪಕ್ಕದ ಮನೆಯಲ್ಲಿ ಗ್ರೈಂಡರ್ ತಿರುಗಿದ ಹಾಗೆ. ಬ್ಯಾಲೆನ್ಸ್ಡ್ ಕೇಬಲ್ ಹಾಕಿ, ಹೋಗುತ್ತೆ ಅಂದರು. ಡ್ಯಾಕ್‌ನಲ್ಲಿ ಎಕ್ಸ್‌ಎಲ್‌ಆರ್ (ಮೈಕ್ ವೈರಿಗೆ ಇರುವಂಥ ಮೂರು ಪಿನ್ ಸಾಕೆಟ್) ಇದೆ, ಆಂಪ್‌ನಲ್ಲಿ ಆರ್‌ಸಿಎ (ಹಳೇ ಡಿವಿಡಿ ಪ್ಲೇಯರ್‌ನಲ್ಲಿದ್ದ ಕೆಂಪು-ಬಿಳಿ ಸಾಕೆಟ್) ಮಾತ್ರ. ಅದಕ್ಕೆ ಆ ತುದಿ ಎಕ್ಸ್‌ಎಲ್‌ಆರ್, ಈ ತುದಿ ಆರ್‌ಸಿಎ ಇರುವ ಕೇಬಲ್ ತಂದೆ. ಒಂದೂವರೆ ಸಾವಿರ ಹೋಯಿತು, ಸದ್ದು ಹೋಗಲಿಲ್ಲ.

ಚಿತ್ರದುರ್ಗದವ:
ಆ ಕೇಬಲ್ ಬ್ಯಾಲೆನ್ಸ್ಡ್ ಅಲ್ಲವೇ ಅಲ್ಲ ಸರ್, ತುದಿಯೊಂದು ಹಾಗಿದೆ ಅಷ್ಟೇ. ಎಕ್ಸ್‌ಎಲ್‌ಆರ್‌ನಲ್ಲಿ 1ನೇ ಪಿನ್ ಗ್ರೌಂಡ್, 2ರಲ್ಲಿ ಸಿಗ್ನಲ್, 3ರಲ್ಲಿ ಅದೇ ಸಿಗ್ನಲ್ ತಲೆಕೆಳಗಾಗಿ. ದಾರಿಯಲ್ಲಿ ಸೇರುವ ಗಲೀಜು ಎರಡೂ ವೈರಿಗೆ ಒಂದೇ ಥರ ಅಂಟುತ್ತದೆ. ಆಂಪ್ ಒಂದರಿಂದ ಇನ್ನೊಂದನ್ನು ಕಳೆದಾಗ ಗಲೀಜು ಹೋಗಿ ಹಾಡು ಉಳಿಯುತ್ತದೆ. ನಿಮ್ಮ ಆಂಪ್‌ಗೆ ಆ ಕಳೆಯುವ ಲೆಕ್ಕವೇ ಗೊತ್ತಿಲ್ಲವಲ್ಲ! ಇಂಥ ಕೇಬಲ್‌ನಲ್ಲಿ 3ನೇ ಪಿನ್ನನ್ನು ಖಾಲಿ ಬಿಟ್ಟಿರುತ್ತಾರೆ, ಇಲ್ಲಾ ಗ್ರೌಂಡಿಗೆ ಸೇರಿಸಿರುತ್ತಾರೆ. ಗ್ರೌಂಡಿಗೆ ಸೇರಿಸುವುದು ಎಲ್ಲ ಡ್ಯಾಕ್‌ಗೂ ಒಳ್ಳೇದಲ್ಲ. ಹಳೇ ಆರ್‌ಸಿಎ ವಾಪಸ್ ಹಾಕಿ. ಹೈಸ್ಕೂಲ್ ಮೈದಾನದ ಸ್ಟೇಜಿಗೆ ಐವತ್ತು ಮೀಟರ್ ಮೈಕ್ ವೈರ್ ಎಳೆಯುವವರಿಗೆ ಬ್ಯಾಲೆನ್ಸ್ಡ್ ಬೇಕೇ ಬೇಕು, ಮನೆಯಲ್ಲಿ ಒಂದು ಮೀಟರ್‌ಗೆ ಆರ್‌ಸಿಎ ಧಾರಾಳ.

ನಿಮ್ಮದು ಗ್ರೌಂಡ್ ಲೂಪ್ ಅನಿಸುತ್ತೆ, ಅಂದರೆ ಎರಡು ಕಡೆಯಿಂದ ಅರ್ತ್ ಬಂದು ಸುತ್ತು ಆಗಿರುವುದು. ಟಿವಿಗೆ ಕೇಬಲ್ ಕನೆಕ್ಷನ್ನಾ? ಸೆಟ್‌ಟಾಪ್ ಬಾಕ್ಸ್ ಹಿಂದಿನ ಆ ದಪ್ಪ ಕೇಬಲ್ ವೈರ್ ಬಿಚ್ಚಿ ನೋಡಿ. ಪವರ್ ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾರು ಹೇಳಿದರೂ ಕೀಳಬೇಡಿ.

ಹರಿಹರ ರಸ್ತೆ:
ಎಕ್ಸ್‌ಎಲ್‌ಆರ್ ಹಾಕಿದರೆ ಕ್ವಾಲಿಟಿ ಜಾಸ್ತಿ ಅನ್ನುವವರಿಗೆ ಒಂದು ಮಾತು. ಎಷ್ಟೋ ಡ್ಯಾಕ್‌ಗಳಲ್ಲಿ ಆರ್‌ಸಿಎಯಿಂದ 2 ವೋಲ್ಟ್, ಎಕ್ಸ್‌ಎಲ್‌ಆರ್‌ನಿಂದ 4 ವೋಲ್ಟ್ ಬರುತ್ತದೆ. 6 ಡಿಬಿ ಜೋರಾಗಿ ಕೇಳುತ್ತೆ, ನಾವು ಸುಮ್ನೆ ಚೆನ್ನಾಗಿದೆ ಅಂದುಕೊಳ್ಳುತ್ತೇವೆ.

ವಿದ್ಯಾನಗರ, ದಾವಣಗೆರೆ:
ಬಿಚ್ಚಿದೆ. ಸ್ಕ್ರೂ ಸಡಿಲವಾಗಿ ಹೊರಗಿನ ರಿಂಗ್ ಬಿಟ್ಟ ಕ್ಷಣವೇ ಸದ್ದು ಬಂದ್! ತಾಗಿಸಿದರೆ ಮತ್ತೆ ಗುಂಯ್. ಆದರೆ ಅಮ್ಮನ ಸೀರಿಯಲ್ ಗತಿ?

ಚಿತ್ರದುರ್ಗದವ:
ಹಾಗಾದರೆ ಅದೇ. ಆ ವೈರಿನ ಶೀಲ್ಡ್ (ಒಳಗಿನ ತಂತಿಯ ಸುತ್ತ ಇರುವ ಲೋಹದ ಹೊದಿಕೆ) ಬೀದಿಯಿಂದ ಒಂದು ಅರ್ತ್ ತರುತ್ತದೆ, ನಿಮ್ಮ ಗೋಡೆಯ ಪ್ಲಗ್‌ನದು ಇನ್ನೊಂದು. ಎರಡರ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸ ಇದ್ದರೂ ಆರ್‌ಸಿಎ ಶೀಲ್ಡ್‌ನಲ್ಲಿ 50 ಹರ್ಟ್ಸ್ ಕರೆಂಟ್ ಹರಿಯುತ್ತೆ, ಅದೇ ಆ ಗುಂಯ್. ಟಿವಿಯಿಂದ ಆಂಪ್‌ಗೆ ಹೋದ ವೈರ್ ತೆಗೆದು, ಟಿವಿಯಿಂದ ಡ್ಯಾಕ್‌ಗೆ ಆಪ್ಟಿಕಲ್ ಕೇಬಲ್ ಹಾಕಿ. ಅದರಲ್ಲಿ ಹೋಗುವುದು ಬೆಳಕು, ತಾಮ್ರವೇ ಇಲ್ಲ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಪಿಸಿಎಂ (ಕುಗ್ಗಿಸದ ಸಾದಾ ಡಿಜಿಟಲ್ ಆಡಿಯೋ) ಇಡಿ.

ವಿದ್ಯಾನಗರ, ದಾವಣಗೆರೆ:
ಆಪ್ಟಿಕಲ್ ಹಾಕಿದೆ. ವಾಲ್ಯೂಮ್ ಪೂರ್ತಿ ತಿರುಗಿಸಿ ಸ್ಪೀಕರ್‌ಗೆ ಕಿವಿ ಇಟ್ಟರೂ ಸಣ್ಣ ಸುಯ್ ಬಿಟ್ಟರೆ ಏನಿಲ್ಲ. ಸೀರಿಯಲ್ ಓಡುತ್ತಿದೆ. ಆ ಒಂದೂವರೆ ಸಾವಿರದ ಕೇಬಲ್ ವಾಪಸ್ ತೆಗೆದುಕೊಳ್ಳಲ್ಲ ಅಂದರು, ಯಾರಿಗಾದರೂ ಬೇಕಾ?